ಸಹಜ ಹೆರಿಗೆ, ತೊಡಕುಗಳಿಲ್ಲ: ಒಂದು ಪ್ರಕರಣ ಅಧ್ಯಯನ

ಇಲ್ಲಿ ವಿವರಿಸುತ್ತಿರುವ ಪ್ರಕರಣ ನನ್ನ ತಂಗಿಯದು. ಅವಳ ಚೊಚ್ಚಲ ಹೆರಿಗೆಯಾಗಿ ಎರಡು ವರ್ಷ ಕಳೆದಿವೆ. ಅವಳ ಒಪ್ಪಿಗೆ ಪಡೆದು, ಅವಳು ಓದಿ ತಿದ್ದಿದ ಮೇಲೆಯೇ ಇದನ್ನು ಬರೆದು ಮುಗಿಸಿದ್ದೇನೆ. ಗುರುತು ಸಿಗಬಹುದಾದ ವಿವರಗಳನ್ನೂ ಆಸ್ಪತ್ರೆಯ ಹೆಸರನ್ನೂ ಬಿಟ್ಟಿದ್ದೇನೆ. ಈ ಪ್ರಕರಣದಲ್ಲಿ ಯಾರ ಜೀವಕ್ಕೂ ಅಪಾಯವಾಗಲಿಲ್ಲ, ಯಾರಿಗೂ ಶಾಶ್ವತವಾದ ಊನವಾಗಲಿಲ್ಲ, ಮಗು ಆರೋಗ್ಯವಾಗಿ ಹುಟ್ಟಿ ಆರೋಗ್ಯವಾಗಿಯೇ ಬೆಳೆಯುತ್ತಿದೆ. ಹಾಗಿದ್ದ ಮೇಲೆ ಇದನ್ನು ಪ್ರಕರಣವೆಂದು ಕರೆದು ಇಷ್ಟುದ್ದ ಬರೆಯುವುದೇಕೆ ಎಂದು ಕೆಲವರಾದರೂ ಕೇಳುತ್ತಾರೆ. ಏಳು ತಿಂಗಳ ಕಾಲ ನಾನೂ ಹಾಗೆಯೇ ಯೋಚಿಸುತ್ತಿದ್ದೆ.

ಹೆರಿಗೆಯಾದ ರಾತ್ರಿ ಬಂಧುಗಳಿಗೆ, ಸ್ನೇಹಿತರಿಗೆ ಸುದ್ದಿ ಮುಟ್ಟಿಸುವ ಕೆಲಸ ನನ್ನದಾಗಿತ್ತು. ಇಪ್ಪತ್ತಕ್ಕೂ ಹೆಚ್ಚು ಮಂದಿಗೆ ಫೋನ್ ಮಾಡಿ ಒಂದೇ ವಾಕ್ಯವನ್ನು ಹೇಳಿದೆ: "ಹೆರಿಗೆಯಾಯಿತು, ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರೆ." ಆ ಕಡೆಯಿಂದ ಬಂದದ್ದು ಮೂರೇ ಪ್ರಶ್ನೆಗಳು: ಗಂಡೋ ಹೆಣ್ಣೋ, ತೂಕ ಎಷ್ಟು, ನಾರ್ಮಲ್ಲೋ ಸಿಸೇರಿಯನ್ನೋ. ಮೂರಕ್ಕೂ ಉತ್ತರ ಕೊಟ್ಟೆ, ಎಲ್ಲರೂ ಸಂತೋಷಪಟ್ಟರು. ಅವಳಿಗೆ ಹೇಗಿತ್ತು ಎಂದು ಒಬ್ಬರೂ ಕೇಳಲಿಲ್ಲ. ಹೆರಿಗೆ ಕೋಣೆಯ ಹೊರಗಿನ ಬೆಂಚಿನ ಮೇಲೆ ಬೆಳಗಿನಿಂದ ರಾತ್ರಿಯವರೆಗೆ ಕುಳಿತಿದ್ದ ನಾನೂ ಕೇಳಿರಲಿಲ್ಲ.

ಮಗುವಿಗೆ ಏಳು ತಿಂಗಳಾದಾಗ ಅವಳ ಗೆಳತಿಯೊಬ್ಬಳು, ದಿನ ತುಂಬುತ್ತಿದ್ದ ಬಸುರಿ, ಫೋನ್ ಮಾಡಿ ಹೆರಿಗೆ ಹೇಗಿರುತ್ತದೆಂದು ವಿಚಾರಿಸಿದಳು. ತಂಗಿ ನಗುನಗುತ್ತಲೇ "ಏನೂ ಹೆದರಬೇಡ, ಎಲ್ಲಾ ಸರಿಹೋಗುತ್ತೆ" ಎಂದಳು. ಫೋನ್ ಇಟ್ಟವಳು ಮಗುವನ್ನು ನನ್ನ ಕೈಗೆ ಕೊಟ್ಟು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡಳು. ನಲ್ಲಿಯ ನೀರು ಬಹಳ ಹೊತ್ತು ಹರಿಯುತ್ತಲೇ ಇತ್ತು. ಹೊರಗೆ ಬಂದ ಮೇಲೆ ಅವಳು ಹೇಳಿದ ಮಾತನ್ನು ಇದ್ದಂತೆಯೇ ಬರೆಯುತ್ತೇನೆ: "ಅಕ್ಕ, ಅವಳಿಗೆ ನಾನು ಸುಳ್ಳು ಹೇಳಿದೆ."

ದಾಖಲೆಯಲ್ಲಿ ಇರುವುದು

ಆ ಬಳಿಕ ಅವಳು ಆಸ್ಪತ್ರೆಗೆ ಅರ್ಜಿ ಕೊಟ್ಟು ತನ್ನ ಕಡತದ ಪ್ರತಿ ತರಿಸಿಕೊಂಡಳು. ಬಿಡುಗಡೆಯ ವೇಳೆ ಕೊಟ್ಟಿದ್ದ ಡಿಸ್ಚಾರ್ಜ್ ಸಮ್ಮರಿ ಒಂದೇ ಪುಟದ್ದಾಗಿತ್ತು. ಇಡೀ ಕಡತ ಹತ್ತೊಂಬತ್ತು ಪುಟಗಳಷ್ಟಿತ್ತು. ಒಂದು ಭಾನುವಾರ ಮಧ್ಯಾಹ್ನ ಮಗು ಮಲಗಿದ್ದ ಹೊತ್ತಿನಲ್ಲಿ ಅವಳೂ ನಾನೂ ಅಮ್ಮನೂ ಮೇಜಿನ ಸುತ್ತ ಕುಳಿತು ಅದನ್ನು ಓದಿದೆವು.

ಕಡತದ ಪ್ರಕಾರ ಅವಳಿಗೆ 28 ವರ್ಷ, 39 ವಾರ ತುಂಬಿದ ಗರ್ಭ, ರಕ್ತದೊತ್ತಡ ಸರಿಯಾಗಿದೆ, ಮಗುವಿನ ತಲೆ ಕೆಳಗಿದೆ. ಬೆಳಿಗ್ಗೆ 6:30ಕ್ಕೆ ದಾಖಲಾದಾಗ ಗರ್ಭಕೋಶದ ಬಾಯಿ 3 ಸೆಂಟಿಮೀಟರ್ ತೆರೆದಿತ್ತು, 10 ಗಂಟೆಗೆ 4, ಮಧ್ಯಾಹ್ನ 2ಕ್ಕೆ 5. ಆ ಹೊತ್ತಿಗೆ ನೀರಿನ ಚೀಲವನ್ನು ಒಡೆದು, ಹೆರಿಗೆ ನೋವನ್ನು ಚುರುಕುಗೊಳಿಸುವ ಆಕ್ಸಿಟೋಸಿನ್ ಔಷಧದ ಡ್ರಿಪ್ ಹಾಕಲಾಯಿತು. ಸಂಜೆ 5:30ಕ್ಕೆ 8, ರಾತ್ರಿ 7ಕ್ಕೆ ಪೂರ್ತಿ. 8:02ಕ್ಕೆ ಎಪಿಸಿಯಾಟಮಿ, ಅಂದರೆ ಮಗು ಹೊರಬರುವ ದಾರಿಯನ್ನು ಕತ್ತರಿಯಿಂದ ಕೊಯ್ದು ಅಗಲಿಸುವುದು. 8:06ಕ್ಕೆ ಜನನ, ತೂಕ 3.1 ಕಿಲೋ, ಹುಟ್ಟಿದ ಮಗುವಿನ ಸ್ಥಿತಿಯನ್ನು ಹತ್ತಕ್ಕೆ ಅಳೆಯುವ ಎಪ್ಗಾರ್ ಅಂಕ ಒಂದನೆಯ ನಿಮಿಷಕ್ಕೆ 8, ಐದನೆಯ ನಿಮಿಷಕ್ಕೆ 9. ಮಾಸು ಪೂರ್ತಿ ಬಿದ್ದಿದೆ, ರಕ್ತಸ್ರಾವ ಸುಮಾರು 300 ಮಿಲಿಲೀಟರ್, ಹೊಲಿಗೆ ಹಾಕಿದೆ. ಕೊನೆಯ ಸಾಲು: ಸಹಜ ಹೆರಿಗೆ, ತೊಡಕುಗಳಿಲ್ಲ.

ಇದರಲ್ಲಿ ಒಂದು ಅಕ್ಷರವೂ ಸುಳ್ಳಲ್ಲ. ಅದನ್ನು ಮೊದಲೇ ಹೇಳಿಬಿಡಬೇಕು.

ಅವಳು ಹೇಳಿದ್ದು

ಒಂದೊಂದು ಸಾಲನ್ನು ನಾನು ಓದುತ್ತ ಹೋದಂತೆ ತಂಗಿ ಆ ಗಳಿಗೆಯಲ್ಲಿ ತನಗೆ ಏನಾಗುತ್ತಿತ್ತೆಂದು ಹೇಳುತ್ತ ಹೋದಳು. ಒಳಪರೀಕ್ಷೆ ಕಡತದಲ್ಲಿ ಐದು ಬಾರಿ ದಾಖಲಾಗಿದೆ; ಅವಳ ಎಣಿಕೆಯಲ್ಲಿ ಒಂಬತ್ತು. ಮಾಡಿದವರು ಕನಿಷ್ಠ ಐದು ಮಂದಿ, ಅವರಲ್ಲಿ ತಮ್ಮ ಹೆಸರು ಹೇಳಿದವರು ಒಬ್ಬರು. ಡ್ರಿಪ್ ಹಾಕುವಾಗ ಅದರಲ್ಲಿ ಏನಿದೆಯೆಂದು ಅವಳು ಕೇಳಿದ್ದಳು, "ಗ್ಲೂಕೋಸ್" ಎಂಬ ಉತ್ತರ ಬಂದಿತ್ತು. ಅರ್ಧ ಗಂಟೆಯಲ್ಲಿ ನೋವು ಒಂದರ ಮೇಲೊಂದು ಬಿಡುವಿಲ್ಲದೆ ಬರತೊಡಗಿದಾಗ ತನ್ನ ದೇಹಕ್ಕೆ ಏನೋ ಕೆಟ್ಟದ್ದಾಗಿದೆ, ಅದನ್ನು ತನ್ನಿಂದ ಮುಚ್ಚಿಡುತ್ತಿದ್ದಾರೆ ಎಂದು ಅವಳು ನಂಬಿದಳು. ಔಷಧದಿಂದಲೇ ನೋವು ಹೀಗೆ ಏರುತ್ತದೆ ಎಂಬ ಒಂದು ವಾಕ್ಯ ಆಗ ಸಿಕ್ಕಿದ್ದರೆ ಆ ಆರು ಗಂಟೆಗಳ ನೋವು ಕಡಿಮೆಯಾಗುತ್ತಿರಲಿಲ್ಲ, ಆದರೆ ಸಾಯುತ್ತಿದ್ದೇನೆ ಎಂಬ ಭಯ ಇರುತ್ತಿರಲಿಲ್ಲ ಎನ್ನುತ್ತಾಳೆ.

ಕೂಗಿದಾಗ "ಬಾಯಿ ಮುಚ್ಚಿಕೊಂಡು ತಿಣುಕು" ಎಂದರು. ಎದ್ದು ಕೂರಲು ಬಿಡಲಿಲ್ಲ. ಕತ್ತರಿ ಹಾಕುವ ಮುಂಚೆ ಯಾರೂ ಏನೂ ಹೇಳಲಿಲ್ಲ. ಮಂಚದ ಕಾಲ ಬಳಿ ನಿಂತಿದ್ದ ಇಬ್ಬರು ಮುಂದಿನ ವಾರ ಯಾರ ರಜೆ ಯಾವಾಗ ಎಂದು ಮಾತಾಡಿಕೊಳ್ಳುತ್ತಿದ್ದರು, ಆ ಮಾತಿನ ನಡುವೆಯೇ ಒಬ್ಬರು ತಟ್ಟೆಯಿಂದ ಕತ್ತರಿ ತೆಗೆದುಕೊಂಡರು. ಹರಿದ ಕೈಗವಸಿನ ಪೊಟ್ಟಣದ ಕಾಗದವೊಂದು ಅವಳ ಹೊಟ್ಟೆಯ ಮೇಲೆ ಬಿದ್ದು ಮಗು ಹುಟ್ಟುವವರೆಗೂ ಅಲ್ಲೇ ಇತ್ತು. ಹುಟ್ಟಿದ ಮಗುವನ್ನು ಕೋಣೆಯ ಆ ತುದಿಯ ಬೆಚ್ಚನೆಯ ದೀಪದ ಕೆಳಗೆ ಮಲಗಿಸಿದರು. ಎಪ್ಗಾರ್ 9 ಇದ್ದ ಆ ಮಗು 9:15ರವರೆಗೆ, ಅವಳಿಗೆ ಹೊಲಿಗೆ ಹಾಕಿ ಮುಗಿಯುವವರೆಗೆ, ಅಲ್ಲಿಯೇ ಇತ್ತು. ಹೊಲಿಗೆಯ ಮೊದಲ ಮೂರು ಚುಚ್ಚುಗಳು ಅವಳಿಗೆ ಪೂರ್ತಿ ಗೊತ್ತಾದವು. ಹೇಳಿದಾಗ "ಇಷ್ಟು ಹೊತ್ತು ತಡೆದುಕೊಂಡೆಯಲ್ಲಮ್ಮ, ಇದೇನು ದೊಡ್ಡದು" ಎಂದರು.

ಇಷ್ಟೇ ಆಗಿದ್ದರೆ ಇದು ಬರೀ ದೂರಿನ ಪಟ್ಟಿಯಾಗುತ್ತಿತ್ತು. ಅವಳ ನೆನಪಿನಲ್ಲಿ ಇದೆಲ್ಲಕ್ಕಿಂತ ಗಟ್ಟಿಯಾಗಿ ಉಳಿದಿರುವುದು ಬೆಳಿಗ್ಗೆ 6:30ರಿಂದ 8ರ ನಡುವಿನ ಯಾವುದೋ ಹತ್ತು ನಿಮಿಷ. ರಾತ್ರಿ ಪಾಳಿ ಮುಗಿಸಿ ಹೊರಡಲಿದ್ದ ನರ್ಸ್ ಒಬ್ಬರು ಅವಳ ಹಾಸಿಗೆಯ ಬಳಿ ನಿಂತು, ಕಡತದಲ್ಲಿ ನೋಡಿ ಅವಳ ಹೆಸರು ಹಿಡಿದು ಕರೆದು, ಹೆಗಲ ಮೇಲೆ ಕೈಯಿಟ್ಟು ಹೇಳಿದರಂತೆ: "ಈಗೊಂದು ನೋವು ಬರುತ್ತೆ, ನಿಧಾನವಾಗಿ ಏರುತ್ತೆ, ಆಮೇಲೆ ಇಳಿಯುತ್ತೆ. ಅದು ಇಳಿಯೋವರೆಗೆ ನಾನು ಕೈ ತೆಗೆಯಲ್ಲ." ನೋವು ಬಂತು, ಏರಿತು, ಇಳಿಯಿತು, ಅವರು ಕೈ ತೆಗೆಯಲಿಲ್ಲ. ಅಂಥ ಮೂರು ನೋವುಗಳು ಕಳೆದವು. ಆ ದಿನ ಅವಳನ್ನು ಹೆಸರು ಹಿಡಿದು ಕರೆದವರು ಅವರೊಬ್ಬರೇ. ಮಧ್ಯಾಹ್ನದ ನಂತರ ಭಯ ಹೆಚ್ಚಾದಾಗಲೆಲ್ಲ ತನ್ನ ಹೆಗಲನ್ನು ತಾನೇ ಹಿಡಿದುಕೊಳ್ಳುತ್ತಿದ್ದೆ ಎಂದಳು, ಹಿಡಿದು ತೋರಿಸಿದಳು ಕೂಡ. ಕಡತದ ಹತ್ತೊಂಬತ್ತು ಪುಟಗಳಲ್ಲಿ ಎಲ್ಲಿಯೂ ಆ ನರ್ಸಿನ ಸುಳಿವಿಲ್ಲ.

ಒಂದು ಗೆರೆಯ ಪೂರ್ವಕಥೆ

ಕಡತದ ಏಳನೆಯ ಪುಟದಲ್ಲಿ ಪಾರ್ಟೋಗ್ರಾಫ್ ಇತ್ತು. ಹೆರಿಗೆ ಹೇಗೆ ಮುಂದುವರಿಯುತ್ತಿದೆ ಎಂದು ಚೌಕುಳಿಯ ಹಾಳೆಯಲ್ಲಿ ಗುರುತಿಸುವ ನಕ್ಷೆ ಅದು. ಅದರಲ್ಲಿ ಓರೆಯಾಗಿ ಮೇಲೇರುವ ಒಂದು ಎಚ್ಚರಿಕೆಯ ಗೆರೆ ಇರುತ್ತದೆ. ಗಂಟೆಗೆ ಒಂದು ಸೆಂಟಿಮೀಟರ್ ಲೆಕ್ಕದಲ್ಲಿ ಗರ್ಭಕೋಶದ ಬಾಯಿ ತೆರೆಯಬೇಕು ಎಂಬುದು ಆ ಗೆರೆಯ ಮಾತು. ತಂಗಿಯ ಗುರುತುಗಳು ಮಧ್ಯಾಹ್ನ 2ರ ಹೊತ್ತಿಗೆ ಗೆರೆಯಿಂದ ಮೂರು ಗಂಟೆ ಬಲಕ್ಕೆ ಸರಿದಿದ್ದವು. ಪಕ್ಕದಲ್ಲಿ "ಪ್ರಗತಿ ಸಾಲದು" ಎಂಬ ಟಿಪ್ಪಣಿ. ಅವಳು ಆ ಎರಡು ಪದಗಳ ಮೇಲೆ ಬೆರಳಿಟ್ಟು ಬಹಳ ಹೊತ್ತು ಸುಮ್ಮನೆ ಕುಳಿತಿದ್ದಳು.

ಆ ಗೆರೆ ಎಲ್ಲಿಂದ ಬಂತೆಂದು ನಾನು ಹುಡುಕಿ ಓದಿದೆ. 1955ರಲ್ಲಿ ಅಮೆರಿಕದ ವೈದ್ಯ ಇಮ್ಯಾನ್ಯುಯೆಲ್ ಫ್ರೀಡ್‌ಮನ್ 500 ಚೊಚ್ಚಲ ಹೆರಿಗೆಗಳನ್ನು ಅಳೆದು, ಗರ್ಭಕೋಶದ ಬಾಯಿ ಹೊತ್ತು ಕಳೆದಂತೆ ಹೇಗೆ ತೆರೆಯುತ್ತದೆಂದು ತೋರಿಸುವ ವಕ್ರರೇಖೆಗಳನ್ನು ಪ್ರಕಟಿಸಿದರು. 1972ರಲ್ಲಿ ಫಿಲ್ಪಾಟ್ ಮತ್ತು ಕ್ಯಾಸಲ್ ಎಂಬ ಇಬ್ಬರು ವೈದ್ಯರು, ಇಂದಿನ ಜಿಂಬಾಬ್ವೆಯಲ್ಲಿ, ದೂರದ ಸಣ್ಣ ಕೇಂದ್ರಗಳಲ್ಲಿ ಹೆರಿಗೆ ಮಾಡಿಸುವ ದಾದಿಯರಿಗೆ ಯಾವ ತಾಯಿಯನ್ನು ಯಾವಾಗ ದೊಡ್ಡ ಆಸ್ಪತ್ರೆಗೆ ಸಾಗಿಸಬೇಕೆಂದು ಹೊತ್ತಿಗೆ ಮೊದಲೇ ತಿಳಿಯಲಿ ಎಂದು ಆ ಎಚ್ಚರಿಕೆಯ ಗೆರೆಯನ್ನು ಎಳೆದರು. ಅದು ಜೀವ ಉಳಿಸುವ ಗೆರೆ, ಅನೇಕ ತಾಯಂದಿರನ್ನು ಉಳಿಸಿದ ಗೆರೆ. ಆದರೆ ಕಾಲಾಂತರದಲ್ಲಿ, ಸಾಗಿಸುವ ಅಗತ್ಯವೇ ಇಲ್ಲದ ದೊಡ್ಡ ಆಸ್ಪತ್ರೆಗಳಲ್ಲಿ, ಗೆರೆ ದಾಟಿದವಳ ಹೆರಿಗೆಯನ್ನು ದೂಡಿ ಮುಗಿಸಬೇಕು ಎಂಬ ಅರ್ಥ ಅದಕ್ಕೆ ಅಂಟಿಕೊಂಡಿತು. ವಿಶ್ವ ಆರೋಗ್ಯ ಸಂಸ್ಥೆ 2018ರ ಮಾರ್ಗಸೂಚಿಯಲ್ಲಿ ಹೆರಿಗೆಯ ಚುರುಕಿನ ಹಂತ ಶುರುವಾಗುವುದು 5 ಸೆಂಟಿಮೀಟರಿನಿಂದ ಎಂದಿತು. ಗಂಟೆಗೆ ಒಂದು ಸೆಂಟಿಮೀಟರ್ ಎಂಬ ಅಳತೆ ಕೆಲವು ಹೆಂಗಸರಿಗೆ ಹೊಂದದಷ್ಟು ವೇಗದ್ದು, ಅದೊಂದನ್ನೇ ನೋಡಿ ಹೆರಿಗೆಯನ್ನು ಚುರುಕುಗೊಳಿಸಬಾರದು ಎಂದಿತು. ಆ ಲೆಕ್ಕದಲ್ಲಿ, ತಂಗಿಯ ಹಾಳೆಯ ಮೇಲೆ "ಪ್ರಗತಿ ಸಾಲದು" ಎಂದು ಬರೆದ ಗಳಿಗೆಯಲ್ಲಿ ಅವಳ ಹೆರಿಗೆಯ ಚುರುಕಿನ ಹಂತ ಈಗಷ್ಟೇ ಆರಂಭವಾಗುತ್ತಿತ್ತು.

ನಾನು ವೈದ್ಯೆಯಲ್ಲ, ಡ್ರಿಪ್ ಹಾಕಿದ್ದು ತಪ್ಪೆಂದು ಸಾಧಿಸಲು ಹೊರಟಿಲ್ಲ. ಕಡತಕ್ಕೆ ಬಾರದ ಕಾರಣಗಳು ಆ ಕೋಣೆಯಲ್ಲಿ ಇದ್ದಿರಬಹುದು. ಅಂದು ಒಬ್ಬೊಬ್ಬ ನರ್ಸ್ ಏಕಕಾಲಕ್ಕೆ ಹಲವು ಹೆಂಗಸರನ್ನು ನೋಡಿಕೊಳ್ಳುತ್ತಿದ್ದುದನ್ನು ಬೆಂಚಿನಿಂದ ನಾನೇ ಕಂಡಿದ್ದೇನೆ. ನನ್ನ ಮನಸ್ಸನ್ನು ಕೊರೆಯುವುದು ಬೇರೆ ಸಂಗತಿ. ಗರ್ಭಕೋಶದ ಬಾಯಿ, ನಾಡಿ, ಮಗುವಿನ ಎದೆಬಡಿತ ಎಲ್ಲಕ್ಕೂ ಆ ಹಾಳೆಯಲ್ಲಿ ಕಾಲಂ ಇದೆ. ಅವಳಿಗೆ ಏನು ಹೇಳಲಾಯಿತು, ಅವಳು ಏನೆಂದಳು ಎಂಬುದಕ್ಕೆ ಒಂದೂ ಇಲ್ಲ. ಇದನ್ನು ವಿಶ್ವ ಆರೋಗ್ಯ ಸಂಸ್ಥೆಯೇ ಗಮನಿಸಿದಂತಿದೆ. 2020ರಲ್ಲಿ ಅದು ಹೊರತಂದ ಹೊಸ ನಕ್ಷೆಯಲ್ಲಿ ಓರೆ ಗೆರೆಯನ್ನು ತೆಗೆದುಹಾಕಿ, ಜೊತೆಗಾರರು ಇದ್ದಾರೆಯೇ, ನೋವು ತಗ್ಗಿಸಲು ಏನಾದರೂ ಕೊಟ್ಟಿದೆಯೇ, ಕುಡಿಯಲು ಕೊಟ್ಟಿದೆಯೇ, ಯಾವ ಭಂಗಿಯಲ್ಲಿದ್ದಾಳೆ ಎಂದು ಗಂಟೆ ಗಂಟೆಗೆ ಗುರುತಿಸುವ ನಾಲ್ಕು ಸಾಲುಗಳನ್ನು ಮೇಲ್ಭಾಗದಲ್ಲಿಯೇ ಇಟ್ಟಿದ್ದಾರೆ. ತಂಗಿಯ ಕಡತದಲ್ಲಿದ್ದದ್ದು ಹಳೆಯ ಹಾಳೆ.

ಜೊತೆಗಾರರ ವಿಷಯ ಬಂದದ್ದರಿಂದ ಬೆಂಚಿನ ಮೇಲಿದ್ದವಳಾಗಿ ಒಂದು ಮಾತು ಹೇಳಬೇಕು. ಹೆರಿಗೆಯ ಉದ್ದಕ್ಕೂ ಒಬ್ಬರು ಬಿಡದೆ ಜೊತೆಗಿದ್ದರೆ ಸಿಸೇರಿಯನ್‌ಗಳು ಕಡಿಮೆಯಾಗುತ್ತವೆ, ನೋವಿನ ಅವಧಿ ಸ್ವಲ್ಪ ತಗ್ಗುತ್ತದೆ, ಹೆರಿಗೆಯ ಕಹಿ ನೆನಪು ಕಡಿಮೆ ಮಂದಿಗೆ ಉಳಿಯುತ್ತದೆ ಎಂದು 15,000ಕ್ಕೂ ಹೆಚ್ಚು ಹೆಂಗಸರನ್ನೊಳಗೊಂಡ ಪ್ರಯೋಗಗಳನ್ನು ಒಟ್ಟುಗೂಡಿಸಿದ, ಕಾಕ್ರೇನ್ ಎಂಬ ಸಂಶೋಧನಾ ಸಂಸ್ಥೆಯ 2017ರ ವಿಮರ್ಶೆ ತೋರಿಸಿದೆ. ಇದಕ್ಕೆ ಯಂತ್ರ ಬೇಡ, ಔಷಧ ಬೇಡ. ಅವಳ ಕೂಗು ಕೇಳಿಸುವಷ್ಟು ಹತ್ತಿರದಲ್ಲಿ, ಒಂದು ಬಾಗಿಲಿನ ಈಚೆ, ನಾನು ಹದಿಮೂರೂವರೆ ಗಂಟೆ ಕುಳಿತಿದ್ದೆ. "ಒಳಗೆ ಬಿಡುವುದಿಲ್ಲ" ಎಂದಾಗ ಏಕೆ ಎಂದು ಕೇಳಬೇಕೆಂದೂ ನನಗೆ ತೋಚಲಿಲ್ಲ.

ಹೆಂಗಸರ ಮಾತಿನ ಬೆಲೆ

ಓದುತ್ತ ಹೋದಾಗ ವಿಯೆನ್ನಾದ ಕಥೆಯೊಂದು ಸಿಕ್ಕಿತು. 1840ರ ದಶಕದಲ್ಲಿ ಅಲ್ಲಿನ ದೊಡ್ಡ ಆಸ್ಪತ್ರೆಯಲ್ಲಿ ಎರಡು ಹೆರಿಗೆ ವಿಭಾಗಗಳಿದ್ದವು: ಮೊದಲನೆಯದರಲ್ಲಿ ವೈದ್ಯ ವಿದ್ಯಾರ್ಥಿಗಳು, ಎರಡನೆಯದರಲ್ಲಿ ಸೂಲಗಿತ್ತಿಯರು ಕಲಿಯುತ್ತಿದ್ದರು. ಮೊದಲನೆಯದರಲ್ಲಿ ಬಾಣಂತಿ ಜ್ವರದಿಂದ ಸಾಯುವವರು ಬಹಳ ಹೆಚ್ಚು. ಅಲ್ಲಿನ ವೈದ್ಯ ಇಗ್ನಾಜ್ ಸೆಮ್ಮೆಲ್ವೈಸ್ 1847ರಲ್ಲಿ ಕಾರಣ ಪತ್ತೆಹಚ್ಚಿ, ಶವ ಕೊಯ್ದು ಬಂದವರು ಕ್ಲೋರಿನ್ ನೀರಿನಲ್ಲಿ ಕೈ ತೊಳೆಯಬೇಕೆಂದು ಕಟ್ಟುಮಾಡಿದ್ದು, ಸಾವುಗಳು ಥಟ್ಟನೆ ಇಳಿದದ್ದು ಎಲ್ಲರಿಗೂ ಗೊತ್ತಿರುವ ಭಾಗ. ನನ್ನನ್ನು ಹಿಡಿದು ನಿಲ್ಲಿಸಿದ್ದು ಅವರೇ ಬರೆದಿಟ್ಟಿರುವ ಇನ್ನೊಂದು ಸಂಗತಿ. ಮೊದಲ ವಿಭಾಗಕ್ಕೆ ಸೇರಿಸಬೇಡಿ ಎಂದು ನೋವು ತಿನ್ನುತ್ತಿದ್ದ ಹೆಂಗಸರು ಮೊಣಕಾಲೂರಿ ಬೇಡಿಕೊಳ್ಳುತ್ತಿದ್ದರು. ದಾರಿಯಲ್ಲೇ ಹೆತ್ತು ಬಂದವರಿಗೂ ಆ ವಿಭಾಗದಷ್ಟು ಜ್ವರ ಬರುತ್ತಿರಲಿಲ್ಲ. ಯಾವ ಬಾಗಿಲಿನ ಹಿಂದೆ ಸಾವಿದೆಯೆಂದು ವಿಜ್ಞಾನಕ್ಕಿಂತ ಮೊದಲೇ ಆ ಹೆಂಗಸರಿಗೆ ಗೊತ್ತಿತ್ತು. ಅದನ್ನು ಬಸುರಿಯರ ಹೆದರಿಕೆಯೆಂದು ಪಕ್ಕಕ್ಕಿಟ್ಟಿದ್ದರು.

ಆಧುನಿಕ ವೈದ್ಯವನ್ನು ಹಳಿದು ಹಿಂದಿನ ಕಾಲವನ್ನು ಹೊಗಳುವ ಮನಸ್ಸು ನನಗಿಲ್ಲ. 2023ರಲ್ಲಿ ಕೂಡ ಜಗತ್ತಿನಲ್ಲಿ ಸುಮಾರು 2,60,000 ಹೆಂಗಸರು ಗರ್ಭ ಮತ್ತು ಹೆರಿಗೆಯ ಕಾರಣದಿಂದ ತೀರಿಕೊಂಡರು, ಅವರಲ್ಲಿ ಹೆಚ್ಚಿನವರು ಸರಿಯಾದ ಚಿಕಿತ್ಸೆ ಹೊತ್ತಿಗೆ ಸಿಕ್ಕಿದ್ದರೆ ಬದುಕುಳಿಯಬಹುದಾಗಿತ್ತು. ಹೆರಿಗೆ ಹೆಣ್ಣಿಗೆ ಮರುಹುಟ್ಟು ಎಂಬ ಮಾತು ಉತ್ಪ್ರೇಕ್ಷೆಯಲ್ಲ. ಅಂಥ ಅಪಾಯದಿಂದ ಪಾರಾಗಿ ಬಂದವಳನ್ನು ಕಂಡಾಗ ಉಸಿರು ಬಿಟ್ಟು "ಇಬ್ಬರೂ ಚೆನ್ನಾಗಿದ್ದಾರಲ್ಲ" ಎನ್ನುವುದು ಪ್ರೀತಿಯ ಮಾತೇ. ಆದರೆ ಆ ಮಾತು ಬಾಗಿಲೂ ಹೌದು. ಅದು ಮುಚ್ಚಿದ ಮೇಲೆ ಒಳಗಿನಿಂದ ಏನಾದರೂ ಹೇಳುವವಳು ಕೃತಘ್ನಳಾಗಿ ಕಾಣುತ್ತಾಳೆ, ಮೊದಲಿಗೆ ತನಗೇ ಹಾಗೆ ಕಾಣುತ್ತಾಳೆ.

ಆರು ವಾರಗಳ ತಪಾಸಣೆಯಲ್ಲಿ ತಂಗಿಗೆ 1987ರಿಂದ ಬಳಕೆಯಲ್ಲಿರುವ ಎಡಿನ್‌ಬರೋ ಪ್ರಶ್ನಾವಳಿಯನ್ನು ಕೊಟ್ಟಿದ್ದರು. ಹೆರಿಗೆಯ ನಂತರದ ಖಿನ್ನತೆಯನ್ನು ಗುರುತಿಸಲು ಅದು ಒಳ್ಳೆಯ ಸಾಧನ. ಅದರ ಹತ್ತು ಪ್ರಶ್ನೆಗಳು ಕಳೆದ ಏಳು ದಿನಗಳಲ್ಲಿ ಮನಸ್ಸು ಹೇಗಿತ್ತೆಂದು ಕೇಳುತ್ತವೆ, ಹೆರಿಗೆಯ ಬಗ್ಗೆ ಒಂದನ್ನೂ ಕೇಳುವುದಿಲ್ಲ. ಅವಳ ಅಂಕ 8 ಬಂತು, ಚಿಂತೆಯಿಲ್ಲ ಎಂದು ಕಳುಹಿಸಿದರು. ಅವಳಿಗೆ ಖಿನ್ನತೆ ಇರಲಿಲ್ಲ ನಿಜ, ಮಗುವಿನ ಜೊತೆ ನಗುತ್ತಿದ್ದಳು, ಹಾಲೂಡಿಸುತ್ತಿದ್ದಳು. ಆದರೆ ಕತ್ತರಿಯನ್ನು ಲೋಹದ ತಟ್ಟೆಗೆ ಇಟ್ಟಾಗ ಆಗುವಂಥ ಸಣ್ಣ ಸದ್ದು ಅಡುಗೆಮನೆಯಲ್ಲಿ ಕೇಳಿದರೂ ಬೆಚ್ಚಿ ಬೀಳುತ್ತಿದ್ದಳು, ಆ ಆಸ್ಪತ್ರೆಯ ಬೀದಿಯನ್ನು ತಪ್ಪಿಸಿ ಸುತ್ತಿ ಹೋಗುತ್ತಿದ್ದಳು, ಇನ್ನೊಂದು ಮಗುವಿನ ಮಾತು ಬಂದರೆ ಎದ್ದು ಹೋಗುತ್ತಿದ್ದಳು. ಹೆತ್ತವರಲ್ಲಿ ನೂರಕ್ಕೆ ಸುಮಾರು ನಾಲ್ವರಲ್ಲಿ ಹೆರಿಗೆಯ ಆಘಾತ ಪೂರ್ಣ ಪ್ರಮಾಣದ ಮನೋವ್ಯಾಧಿಯಾಗಿ ನಿಲ್ಲುತ್ತದೆಂದು ಅಧ್ಯಯನಗಳು ಹೇಳುತ್ತವೆ. ತಂಗಿಯನ್ನು ನೋಡಿದ ಆಪ್ತಸಮಾಲೋಚಕಿ ಅವಳದು ಆ ಮಟ್ಟಕ್ಕೆ ಹೋಗಿಲ್ಲ ಎಂದರು. ಆರು ಭೇಟಿಗಳಲ್ಲಿ ಅವಳು ಬಹಳಷ್ಟು ಹಗುರಾದಳು.

ಇನ್ನು ಅಮ್ಮನ ವಿಷಯ. ತಂಗಿ ಮೊದಮೊದಲು ಬಾಯಿಬಿಟ್ಟಾಗ ಅಮ್ಮ "ನಾವೂ ಹೆತ್ತಿಲ್ಲವೇ? ಮಗುವಿನ ಮುಖ ನೋಡಿದರೆ ಎಲ್ಲಾ ಮರೆತುಹೋಗುತ್ತೆ" ಎಂದಿದ್ದಳು. ಕಡತ ಓದಿದ ಆ ಭಾನುವಾರ ಅಮ್ಮ ಮಾತಾಡದೆ ಕುಳಿತು ಕೇಳಿದಳು. ಬಾಯಿ ಮುಚ್ಚಿಕೊಂಡು ತಿಣುಕು ಎಂದದ್ದನ್ನು ತಂಗಿ ಹೇಳಿದಾಗ ಅಮ್ಮ ತನ್ನ ಎಡತೊಡೆಯ ಮೇಲೆ ಕೈಯಾಡಿಸಿಕೊಳ್ಳುತ್ತ, ಯಾರ ಕಡೆಗೂ ನೋಡದೆ, "ನಿಮ್ಮಕ್ಕನ ಹೊತ್ತಿಗೆ ನನಗೆ ಇಲ್ಲಿ ಹೊಡೆದರು" ಎಂದಳು. ನನಗೀಗ 37 ವರ್ಷ. ಹೊಡೆದವರ ಕೈಯಲ್ಲಿ ಎರಡು ಹಸಿರು ಬಳೆಗಳಿದ್ದವು ಎಂಬುದು ಸಹ ಅಮ್ಮನಿಗೆ ನೆನಪಿತ್ತು. 37 ವರ್ಷ ಅವಳು ಅದನ್ನು ಅಪ್ಪನಿಗೂ ಹೇಳಿರಲಿಲ್ಲ. ತಂಗಿ ಎದ್ದು ಹೋಗಿ ಅಮ್ಮನ ಪಕ್ಕ ಕುಳಿತು, ಹೆಗಲ ಮೇಲೆ ಕೈಯಿಟ್ಟಳು.

ಆಮೇಲಿನದು

ತಂಗಿ ಕಡತದ ಪ್ರತಿಯ ಅಂಚಿನಲ್ಲಿ ಪೆನ್ಸಿಲ್‌ನಿಂದ ಬರೆಯತೊಡಗಿದಳು. ಡ್ರಿಪ್ ಎಂದಿದ್ದಲ್ಲಿ "ಏನೆಂದು ಕೇಳಿದೆ, ಗ್ಲೂಕೋಸ್ ಎಂದರು". 8:02ರ ಎದುರಿಗೆ "ನನಗೆ ಹೇಳಲಿಲ್ಲ". ಹೊಲಿಗೆಯ ಸಾಲಿನ ಪಕ್ಕ "ನೋವಾಗುತ್ತಿದೆ ಎಂದೆ". ಎಪಿಸಿಯಾಟಮಿಯನ್ನು ರೂಢಿಯಾಗಿ ಎಲ್ಲರಿಗೂ ಮಾಡಬಾರದೆಂದೂ ಮಾಡಬೇಕಾದಲ್ಲಿ ತಾಯಿಯ ಒಪ್ಪಿಗೆ ಮತ್ತು ಅರಿವಳಿಕೆ ಎರಡೂ ಬೇಕೆಂದೂ 2018ರ ಮಾರ್ಗಸೂಚಿಯಲ್ಲಿದೆ ಎಂದು ನಾನು ತೋರಿಸಿದೆ. ಅದನ್ನು ಬರೆದುಕೊಳ್ಳುವ ಅಗತ್ಯ ಅವಳಿಗೆ ಕಾಣಲಿಲ್ಲ, ತನ್ನ ಮಾತು ಸಾಕು ಎಂದಳು. ಆ ಟಿಪ್ಪಣಿಗಳನ್ನೇ ಮೂರು ಪುಟಗಳ ಪತ್ರವಾಗಿಸಿ ಆಸ್ಪತ್ರೆಗೆ ಕಳುಹಿಸಿದಳು. ಪರಿಹಾರ ಕೇಳಲಿಲ್ಲ, ಯಾರ ಮೇಲೂ ಕ್ರಮ ಕೇಳಲಿಲ್ಲ. ತನ್ನ ಪತ್ರವನ್ನು ಕಡತದೊಳಗೆ ಸೇರಿಸಬೇಕೆಂದು ಕೇಳಿದಳು, ಬೆಳಗಿನ ಆ ನರ್ಸಿನ ಹೆಸರು ತಿಳಿಸಬಹುದೇ ಎಂದೂ ಕೇಳಿದಳು.

ಐದು ವಾರಗಳ ನಂತರ ಉತ್ತರ ಬಂತು. ದಾಖಲೆಗಳನ್ನು ಪರಿಶೀಲಿಸಲಾಗಿದೆ, ಹೆರಿಗೆಯಲ್ಲಿ ಯಾವುದೇ ತೊಡಕು ಕಂಡುಬಂದಿಲ್ಲ, ತಮಗಾದ ಬೇಸರಕ್ಕೆ ವಿಷಾದವಿದೆ, ಪತ್ರವನ್ನು ಕಡತಕ್ಕೆ ಸೇರಿಸಲಾಗಿದೆ ಎಂದಿತ್ತು. ಕೊನೆಯಲ್ಲಿ, ಬೇರೆ ಯಾರೋ ಬರೆದಂತಿದ್ದ ಎರಡು ಸಾಲು: ಆ ರಾತ್ರಿ ಪಾಳಿಯಲ್ಲಿ ಮೂವರು ನರ್ಸ್‌ಗಳಿದ್ದರು, ಅವರಲ್ಲಿ ಯಾರೆಂದು ಈಗ ಹೇಳಲಾಗುವುದಿಲ್ಲ, ಮೂವರೂ ಇನ್ನೂ ಇಲ್ಲಿಯೇ ಕೆಲಸದಲ್ಲಿದ್ದಾರೆ.

ತಂಗಿ ಮೂರು ಕಾಗದ ಬರೆದಳು, ಮೂರರಲ್ಲೂ ಅದೇ ಹತ್ತು ನಿಮಿಷಗಳ ವಿಷಯ. ಮೂರು ಲಕೋಟೆಗಳನ್ನೂ ಕೈಯಾರೆ ಕೊಟ್ಟುಬರಲು ಆ ಬೀದಿಯಲ್ಲೇ ನಡೆದು ಹೋದಳು. ನಾನು ಮಗುವನ್ನೆತ್ತಿಕೊಂಡು ಗೇಟಿನ ಬಳಿ ನಿಂತಿದ್ದೆ.